ಶಬೆ ಬರಾತ್‌ನ ರಾತ್ರಿ ನಿಮ್ಮ ಮಗ ಎಲ್ಲಿರುತ್ತಾನೆ?

(ಚೌಳಹಿರಿಯೂರಿನಲ್ಲಿ ಪೋಷಕರು ಮತ್ತು ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ವೇದಿಕೆಯಲ್ಲಿ ಮೋಟಾರ್ ಸೈಕಲ್ಲಿನ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಒಬ್ಬ ಹುಡುಗನನ್ನು ಪಿ.ಯು.ಸಿ. ದಾಟಿಸಲು ಒಂದು ಮನೆ ಎಷ್ಟು ಪಾಡು ಪಡುತ್ತದೆ ಎಂಬುದು ನಿಮಗೆ ತಿಳಿದೇ ಇದೆ. ಫೀಸು, ಪುಸ್ತಕ, ವಿದ್ಯಾರ್ಥಿವೇತನದ ಅರ್ಜಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆದಾಟ. ಹೀಗೆ ಬೆಳೆಸಿದ ಮಗ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ರಾತ್ರಿ ರಸ್ತೆಯಲ್ಲಿ ಬಿದ್ದು ಹೋದರೆ, ಆ ಮನೆಯ ಹದಿನೈದು ವರ್ಷಗಳ ಶ್ರಮವೂ ಅವನೊಡನೆ ಹೋಗುತ್ತದೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ನಲವತ್ನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರೇ ಐವತ್ತು ಸಾವಿರ. ಸತ್ತವರಲ್ಲಿ ಬಹುಪಾಲು ಗಂಡಸರು, ಅದರಲ್ಲೂ ದುಡಿಯುವ ವಯಸ್ಸಿನವರು.

ನಮ್ಮ ಹುಡುಗರು ರಾತ್ರಿ ಹೊರಗಿರುವುದು ಯಾವಾಗ? ಮದುವೆಯ ಹಿಂದಿನ ರಾತ್ರಿ, ಉರೂಸು, ರಮಝಾನಿನ ತರಾವೀಹ್ ಮುಗಿದ ಮೇಲೆ, ಶಬೆ ಖದ್ರ್, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಶಬೆ ಬರಾತ್. ಶಾಬಾನ್ ತಿಂಗಳ ಹದಿನೈದನೆಯ ಈ ರಾತ್ರಿಯನ್ನು ಹೇಗೆ ಕಳೆಯಬೇಕು, ವಿಶೇಷವಾಗಿ ಆಚರಿಸಬೇಕೇ ಬೇಡವೇ ಎಂಬ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆಯನ್ನು ಅವರಿಗೇ ಬಿಡೋಣ. ಆದರೆ ಬೈಕಿನ ಸೈಲೆನ್ಸರ್ ಬಿಚ್ಚಿ, ಮೂವರು ಕುಳಿತು, ಖಬರಸ್ಥಾನದಿಂದ ಖಬರಸ್ಥಾನಕ್ಕೆ ಓಡಬೇಕೆಂದು ಎರಡೂ ಕಡೆಯ ಯಾವ ಆಲಿಮರೂ ಹೇಳಿಲ್ಲ. ಬೆಂಗಳೂರಿನಲ್ಲಿ ಈ ರಾತ್ರಿ ಸಂಚಾರ ಪೊಲೀಸರು ಮೇಲ್ಸೇತುವೆಗಳನ್ನೇ ಮುಚ್ಚುವ ಪರಿಸ್ಥಿತಿ ಬಂದಿದೆ. ತಂದೆ ತಾಯಿಯರ ಮಗ್ಫಿರತ್‌ಗಾಗಿ ಕೈಯೆತ್ತಬೇಕಾದ ರಾತ್ರಿಯಲ್ಲಿ ಸರ್ಕಾರ ನಮ್ಮ ಮಕ್ಕಳಿಗಾಗಿ ಬ್ಯಾರಿಕೇಡ್ ಇಡುತ್ತದೆ ಎಂದರೆ ನನಗಂತೂ ನಾಚಿಕೆಯಾಗುತ್ತದೆ. (ಬೇರೆ ಸಮುದಾಯಗಳ ಜಾತ್ರೆ, ಮೆರವಣಿಗೆಗಳಲ್ಲೂ ಹುಡುಗರು ಹೀಗೆಯೇ ಓಡಿಸುತ್ತಾರೆ ಎಂದು ನೀವು ಹೇಳಬಹುದು. ನಿಜ. ಅವರ ಮನೆಯ ಹಿರಿಯರು ಅವರ ಮಕ್ಕಳಿಗೆ ಹೇಳಲಿ.)

ನಮ್ಮ ಕಡೆ ಮೇಲ್ಸೇತುವೆಗಳಿಲ್ಲ. ನಮ್ಮ ಅಪಾಯ ಬೇರೆ. ಕಡೂರಿಗೋ ಅಜ್ಜಂಪುರಕ್ಕೋ ಹೊಸದುರ್ಗಕ್ಕೋ ಹೋಗುವ ಹಳ್ಳಿಯ ರಸ್ತೆಗಳಲ್ಲಿ ರಾತ್ರಿ ದೀಪವಿಲ್ಲ. ಹಿಂದಿನ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್, ಕಬ್ಬಿಣದ ಸಾಮಾನು ಹೊರಗೆ ಚಾಚಿಕೊಂಡ ಗಾಡಿ, ರಸ್ತೆ ಮಧ್ಯೆ ಮಲಗಿದ ಎಮ್ಮೆ. ಸುಗ್ಗಿಯಲ್ಲಿ ರಸ್ತೆಯೇ ಕಣವಾಗುತ್ತದೆ. ರಾಗಿ ತೆನೆ, ಹುರುಳಿಯ ಗಿಡ ಹರಡಿ, ವಾಹನಗಳು ತುಳಿಯಲಿ ಎಂದು ಬಿಟ್ಟಿರುತ್ತಾರೆ. ಸುತ್ತ ಕಾವಲಿಗೆ ಕಲ್ಲುಗಳ ಸಾಲು. ಒಣ ಹುರುಳಿಯ ಮೇಲೆ ಬ್ರೇಕ್ ಹಾಕಿದ ಬೈಕ್ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಇನ್ನೊಂದು ಮಾತನ್ನು ಗಮನಿಸಿ. ಚಾಂದ್ರಮಾನ ವರ್ಷ ಪ್ರತಿ ಸಲ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಫೆಬ್ರವರಿ ಮಧ್ಯಕ್ಕೆ ಬಂದಿದ್ದ ಶಬೆ ಬರಾತ್ 2027ರ ಹೊತ್ತಿಗೆ ಜನವರಿಗೆ ಬರುತ್ತದೆ. ಅಂದರೆ ರಾಗಿ ಒಕ್ಕಣೆ, ಬೆಳಗಿನ ಜಾವದ ಮಂಜು, ಈ ರಾತ್ರಿ, ಮೂರೂ ಒಟ್ಟಿಗೆ ಬರಲಿವೆ.

ಹದಿನೈದನೆಯ ರಾತ್ರಿ ಹುಣ್ಣಿಮೆಯ ಆಸುಪಾಸಿನದು. ಬೆಳದಿಂಗಳಲ್ಲಿ ಎಲ್ಲ ಕಾಣುತ್ತದೆ ಎಂದು ಹುಡುಗರು ಹೇಳುತ್ತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅಡ್ಡ ಏನೋ ಇದೆ ಎಂದು ಮೆದುಳು ಅರಿತು ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಕನಿಷ್ಠ ಒಂದು ಸೆಕೆಂಡು. ಆಮೇಲೆ ಒಣ ಡಾಂಬರಿನ ಮೇಲೂ ನಿಲ್ಲಲು ಇನ್ನೊಂದು ಇಪ್ಪತ್ತು, ಇಪ್ಪತ್ತೈದು ಮೀಟರ್ ಬೇಕು. ಒಟ್ಟು ನಲವತ್ತು. ಡಿಮ್ ಲೈಟಿನಲ್ಲಿ ಸ್ಪಷ್ಟವಾಗಿ ಕಾಣುವುದೂ ಹೆಚ್ಚು ಕಡಿಮೆ ಅಷ್ಟೇ ದೂರ. 80ಕ್ಕೆ ಹೋದರೆ ನೀವು ನೋಡುವ ಮೊದಲೇ ಡಿಕ್ಕಿ ತೀರ್ಮಾನವಾಗಿರುತ್ತದೆ. ಎದುರಿನ ಲಾರಿಯ ಹೈ ಬೀಮ್ ಕಣ್ಣಿಗೆ ಹೊಡೆದರೆ ಕೆಲವು ಸೆಕೆಂಡು ಏನೂ ಕಾಣದು. ಮೂವರು ಕುಳಿತರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಹಿಡಿತ ತಪ್ಪುತ್ತದೆ. ಕತ್ತಲಲ್ಲಿ 40ರ ಮೇಲೆ ಹೋಗಬೇಡಿ ಎಂದರೆ ನೀವು ನಗುತ್ತೀರಿ. ಆದರೆ ಲೆಕ್ಕ ಹೇಳುವುದು ಅದನ್ನೇ.

ನಮ್ಮ ಧರ್ಮದಲ್ಲಿ ರಸ್ತೆಯ ಮಾತಿಲ್ಲ ಎಂದು ತಿಳಿಯಬೇಡಿ. ಪ್ರವಾದಿ ಮುಹಮ್ಮದ್(ಸ)ರವರು ರಾತ್ರಿ ಒಂಟಿಯಾಗಿ ಪ್ರಯಾಣ ಮಾಡುವುದನ್ನು ಮೆಚ್ಚಲಿಲ್ಲ. ಪ್ರಯಾಣದಲ್ಲಿ ರಾತ್ರಿ ತಂಗುವಾಗ ದಾರಿಯ ಮೇಲೆ ಬೀಡು ಬಿಡಬೇಡಿ, ಪಕ್ಕಕ್ಕೆ ಸರಿಯಿರಿ ಎಂದು ಸಂಗಾತಿಗಳಿಗೆ ಕಲಿಸಿದರು. ದಾರಿಯಲ್ಲಿನ ತೊಂದರೆಯ ವಸ್ತುವನ್ನು ತೆಗೆಯುವುದನ್ನು ಈಮಾನಿನ ಭಾಗವೆಂದು ಎಣಿಸಿದರು. ಕೆಟ್ಟ ಟ್ರೈಲರನ್ನು ಡಾಂಬರಿನ ಮೇಲೆಯೇ ಬಿಟ್ಟು, ಹಿಂದೆ ಒಂದು ಸೊಪ್ಪಿನ ಕೊಂಬೆ ಸಿಕ್ಕಿಸಿ ಮನೆಗೆ ಹೋಗುವವನಿಗೆ ಇದಕ್ಕಿಂತ ನೇರವಾದ ಹದೀಸ್ ಬೇಕೇ? ನಿಮ್ಮಲ್ಲಿ ಟ್ರ್ಯಾಕ್ಟರ್ ಇರುವವರು ಟ್ರೈಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಒಂದು ಊಟದ ಖರ್ಚೂ ಆಗುವುದಿಲ್ಲ. ಕಣದ ಸುತ್ತ ಇಟ್ಟ ಕಲ್ಲುಗಳನ್ನು ಸಂಜೆಯೇ ತೆಗೆಯಿರಿ.

ಈಗ ಕಾನೂನು. ಇದನ್ನು ತಂದೆಯರು ಗಮನವಿಟ್ಟು ಕೇಳಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಹದಿನೆಂಟು ತುಂಬದ ಹುಡುಗ ವಾಹನ ಓಡಿಸಿ ಅಪರಾಧವೆಸಗಿದರೆ ಶಿಕ್ಷೆ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ: ಮೂರು ವರ್ಷಗಳವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗದು. ಭಾವನ ಬೈಕನ್ನು "ಸ್ವಲ್ಪ ಕೊಡು, ಬರ್ತೀನಿ" ಎಂದು ಕೇಳಿದಾಗ ಕೊಡುವ ಭಾವನೂ ಇದರೊಳಗೆ ಬರುತ್ತಾನೆ. ಲೈಸೆನ್ಸ್ ಇಲ್ಲದವನು ಯಾರಿಗಾದರೂ ಹೊಡೆದರೆ ವಿಮಾ ಕಂಪನಿ ಪರಿಹಾರ ಕೊಟ್ಟರೂ ಅದನ್ನು ಒಡೆಯನಿಂದ ವಸೂಲಿ ಮಾಡಬಹುದು. ಅಲ್ಲಿಗೆ ಎರಡು ಎಕರೆ ತೆಂಗಿನ ತೋಟ ಹೋದಂತೆ. ಇನ್ನೊಂದು ವಿಷಯ ಬಹಳ ಜನರಿಗೆ ತಿಳಿಯದು. ನಾವು ಕಡಿಮೆ ದುಡ್ಡಿಗೆ ಮಾಡಿಸುವ ಥರ್ಡ್ ಪಾರ್ಟಿ ವಿಮೆಯಲ್ಲಿ ಹಿಂದೆ ಕುಳಿತವನಿಗೆ ರಕ್ಷಣೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಗೆಳೆಯನ ಮಗನನ್ನು ಹಿಂದೆ ಕೂರಿಸಿಕೊಳ್ಳುವ ಮೊದಲು ಪಾಲಿಸಿ ತೆರೆದು ಓದಿ.

ಹೆಲ್ಮೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಕಡ್ಡಾಯ. ಟೋಪಿಯ ಮೇಲೆ ಹೆಲ್ಮೆಟ್ ಕೂರುವುದಿಲ್ಲ ಎಂಬುದು ನೆಪ. ಟೋಪಿಯನ್ನು ಜೇಬಿನಲ್ಲಿಡಿ, ಮಸೀದಿಯ ಬಾಗಿಲಲ್ಲಿ ಹಾಕಿಕೊಳ್ಳಿ.

ತಾಯಂದಿರೇ, ನಿಮ್ಮ ಬುರ್ಖಾದ ಅಂಚು, ದುಪಟ್ಟಾ ಹಿಂದಿನ ಚಕ್ರಕ್ಕೆ ಸಿಕ್ಕಿ ಕ್ಷಣಮಾತ್ರದಲ್ಲಿ ಕೆಳಗೆಳೆಯುತ್ತದೆ. ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ಗಾರ್ಡ್ ಇರಬೇಕೆಂದು ನಿಯಮವೇ ಇದೆ. ಅಂದಗೆಡುತ್ತದೆ ಎಂದು ಮಗ ಅದನ್ನು ಬಿಚ್ಚಿಸಿದ್ದರೆ ಹಾಕಿಸುವವರೆಗೆ ಆ ಗಾಡಿ ಹತ್ತಬೇಡಿ. ರಾತ್ರಿ ಬಸ್ ನಿಲ್ದಾಣದಲ್ಲೋ ಬೀರೂರು, ಕಡೂರು ರೈಲು ನಿಲ್ದಾಣದಲ್ಲೋ ಇಳಿಯುವ ಹೆಣ್ಣುಮಕ್ಕಳಿಗೆ 112, 181 ಮತ್ತು ರೈಲಿನಲ್ಲಿ 139 ಬಾಯಿಪಾಠವಾಗಿರಲಿ. ಆದರೆ ಒಂದು ಮಾತು ಕೇಳುತ್ತೇನೆ. ಸಂಜೆ ಏಳಕ್ಕೆ ಮಗಳು ಬರದಿದ್ದರೆ ಮನೆಯೆಲ್ಲ ಬಾಗಿಲಿಗೆ ಬರುತ್ತದೆ. ರಾತ್ರಿ ಎರಡಕ್ಕೂ ಮಗ ಬರದಿದ್ದರೆ "ಗಂಡುಹುಡುಗ, ಬರ್ತಾನೆ ಬಿಡಿ" ಎನ್ನುತ್ತೇವೆ. ರಸ್ತೆಯಲ್ಲಿ ಸಾಯುತ್ತಿರುವುದು ಯಾರು ಎಂದು ಆಗಲೇ ಹೇಳಿದೆ.

ಯಾರಾದರೂ ಬಿದ್ದಿರುವುದನ್ನು ಕಂಡರೆ ಏನು ಮಾಡಬೇಕು? 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ಲಿನಲ್ಲಿದ್ದ ಹದಿನೆಂಟರ ಹುಡುಗ ಬಸ್ಸಿಗೆ ಸಿಕ್ಕಿ ರಕ್ತ ಸುರಿಸುತ್ತ ಬಿದ್ದಿದ್ದಾಗ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆದರು. ಅವನು ಉಳಿಯಲಿಲ್ಲ. ಪೊಲೀಸು, ಕೋರ್ಟು ಎಂದು ಹೆದರುವ ಕಾಲ ಹೋಯಿತು. ನೆರವಾದವನನ್ನು ಕಾಯ್ದೆಯೇ ರಕ್ಷಿಸುತ್ತದೆ, ಅವನು ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಯೋಜನೆಯಂತೆ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷದ ತನಕ ನಗದುರಹಿತ ಚಿಕಿತ್ಸೆಯ ಹಕ್ಕಿದೆ. 108ಕ್ಕೆ ಫೋನು ಮಾಡಿ. ಕತ್ತು ಎತ್ತಬೇಡಿ, ನೀರು ಕುಡಿಸಬೇಡಿ. ರಕ್ತ ಬರುವಲ್ಲಿ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ. ಮತ್ತೊಂದು ವಾಹನ ಬಂದು ಹೊಡೆಯದಂತೆ ಒಬ್ಬ ಹಿಂದೆ ನಿಂತು ಟಾರ್ಚ್ ತೋರಿಸಲಿ.

ಮಸೀದಿ ಕಮಿಟಿಯವರಲ್ಲಿ ನನ್ನ ವಿನಂತಿ ಇಷ್ಟೇ. ಆ ರಾತ್ರಿ ಖಬರಸ್ಥಾನಕ್ಕೆ ನಡೆದೇ ಹೋಗೋಣ. ದೂರದ್ದಕ್ಕೆ ಒಂದು ವ್ಯಾನು ಗೊತ್ತು ಮಾಡಿ, ಚಂದಾ ಎತ್ತೋಣ. ಇಶಾ ನಮಾಝಿಗೆ ಬರುವ ಹುಡುಗರ ಬೈಕುಗಳು ಅಂಗಳದಲ್ಲಿರಲಿ, ಕೀಲಿಗಳು ಇಬ್ಬರು ಹಿರಿಯರ ಬಳಿಯಿರಲಿ. ಫಜ್ರ್ ಆದ ಮೇಲೆ ಕೇಳಿದವರಿಗೆಲ್ಲ ಕೂಡಲೇ ಕೊಡಬೇಡಿ. ಇಡೀ ರಾತ್ರಿ ಎಚ್ಚರವಿದ್ದವನ ಕಣ್ಣು ಬೆಳಗಿನ ಜಾವ ತೆರೆದಿದ್ದರೂ ನಿದ್ದೆ ಹೋಗುತ್ತದೆ. ಚಹಾ ಕುಡಿದರೆ ಅದು ನಿಲ್ಲುವುದಿಲ್ಲ. ಮಸೀದಿಯ ವರಾಂಡದಲ್ಲಿ ಚಾಪೆ ಹಾಸಿ, ಒಂದೆರಡು ತಾಸು ಮಲಗಿ ಎದ್ದವನಿಗೆ ಕೊಡಿ.