ಅಂಗಡಿಗಳು ಒಂದೆಡೆ ಸೇರುವದೇಕೆ?



ಪೇಟೆಗೆ ಹೋದವರೆಲ್ಲರೂ ಕಂಡ ಸಂಗತಿಯಿದು: ಜವಳಿಯವರು ಒಂದೇ ಸಾಲಿನಲ್ಲಿ, ಚಿನಿವಾರರು ಒಂದೇ ಓಣಿಯಲ್ಲಿ, ಭುಜಕ್ಕೆ ಭುಜ ತಗುಲುವಂತೆ ಕುಳಿತಿರುತ್ತಾರೆ. ಪ್ರತಿಸ್ಪರ್ಧಿಯಿಂದ ದೂರವಿರುವದೇ ಜಾಣತನವಾಗಿದ್ದರೆ ಹೀಗೇಕಾಗಬೇಕು?

1929ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಎಂಬ ಅಮೆರಿಕದ ಪಂಡಿತರು ಇದಕ್ಕೊಂದು ಲೆಕ್ಕವನ್ನು ಹೂಡಿದರು. ಒಂದು ಮೈಲಿ ಉದ್ದದ ನೆಟ್ಟನೆಯ ಬೀದಿ. ಉದ್ದಕ್ಕೂ ಸಮನಾಗಿ ಮನೆಗಳು. ಒಂದೇ ಸರಕನ್ನು ಮಾರುವ ಇಬ್ಬರು ವರ್ತಕರು. ಒಂದೊಂದು ತುದಿಯಿಂದ ಕಾಲು ಮೈಲಿಯಲ್ಲಿ ಒಬ್ಬೊಬ್ಬರು ಕುಳಿತರೆ ಯಾರೂ ಕಾಲು ಮೈಲಿಗಿಂತ ಹೆಚ್ಚು ನಡೆಯಬೇಕಾಗಿಲ್ಲ. ಆದರೆ ಒಬ್ಬನು ನಡುಬೀದಿಯ ಕಡೆಗೆ ತುಸು ಸರಿದರೆ, ಬೆನ್ನ ಹಿಂದಿನ ಗಿರಾಕಿಗಳು ಉಳಿದು, ಎದುರಾಳಿಯ ಕೆಲವರೂ ಇವನವರಾಗುವರು. ಅವನೂ ಸರಿಯುವನು. ಕಡೆಗೆ ಇಬ್ಬರೂ ನಡುವೆಯೇ ನಿಲ್ಲುವರು. ವ್ಯಾಪಾರ ಮೊದಲಿನಂತೆ ಅರ್ಧರ್ಧ. ಊರವರ ಸರಾಸರಿ ನಡಿಗೆ ಮಾತ್ರ ಇಮ್ಮಡಿ!

ಈ ಲೆಕ್ಕ ಅರೆಸತ್ಯವೆಂದೇ ನನ್ನ ಮತ. ಬೆಲೆಯನ್ನೂ ಇಳಿಸಬಹುದಾದಲ್ಲಿ, ತೀರ ಹತ್ತಿರ ಬಂದವರು ಒಬ್ಬರ ದರವನ್ನೊಬ್ಬರು ಕಡಿಯುತ್ತ ಹೋಗಿ ನೆಲೆ ನಿಲ್ಲಲಾರರೆಂದು 1979ರಲ್ಲಿ ಮೂವರು ವಿದ್ವಾಂಸರು ತೋರಿಸಿಕೊಟ್ಟರು. ಹಾಗಾದರೆ ಜವಳಿಸಾಲು ಮುರಿಯದಿರುವದೇಕೆ? ಉಪ್ಪು ಎಲ್ಲಿ ಕೊಂಡರೂ ಉಪ್ಪೇ, ಸೀರೆ ಹಾಗಲ್ಲ. ನಾಲ್ಕು ಅಂಗಡಿಗಳಲ್ಲಿ ಬಿಚ್ಚಿ ನೋಡದೆ ಮದುವೆಯ ಸೀರೆಯನ್ನು ಕೊಳ್ಳುವ ತಾಯಿಯನ್ನು ನಾನಂತೂ ಕಂಡಿಲ್ಲ. ಒಂಟಿ ಅಂಗಡಿಗೆ ಹೋಗಲು ಹಿಂಜರಿಯುವವರು ಸಾಲಿಗೆ ಧೈರ್ಯವಾಗಿ ಬರುವರು. ಆದ್ದರಿಂದಲೇ ಕಿರಾಣಿ ಅಂಗಡಿ ಓಣಿಗೊಂದಾಗಿ ಚದುರಿದೆ, ಜವಳಿ ಒಂದೆಡೆ ಕೂಡಿದೆ.

ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ಲರು 1890ರಲ್ಲಿಯೇ ಮತ್ತೊಂದು ಬಗೆಯ ಕಾರಣವನ್ನು ಹೇಳಿದ್ದರು: ಕಸಬು ಒಂದೆಡೆ ನೆಲೆಸಿದರೆ ಕುಶಲ ಕೆಲಸಗಾರರು ಸಿಗುವರು, ಪೂರಕ ಉದ್ಯಮಗಳು ಹುಟ್ಟುವವು, ತಿಳಿವಳಿಕೆ ಬಾಯಿಂದ ಬಾಯಿಗೆ ಹರಿಯುವದು. ನಮ್ಮ ಬ್ಯಾಡಗಿಯನ್ನೇ ನೋಡಿರಿ. ಅಲ್ಲಿಗೆ ಬರುವ ಒಣಮೆಣಸಿನಕಾಯಿ ಹಾವೇರಿ ಜಿಲ್ಲೆಯದಷ್ಟೇ ಅಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ರೈತರೂ ತಂದು ಸುರಿಯುವರು. ಕೊಳ್ಳುವವರು ಹಲವರಿರುವರೆಂಬ ನಂಬಿಕೆಯೇ ಅವರನ್ನು ಅಷ್ಟು ದೂರ ಎಳೆಯುವದು. ದಲಾಲರು, ಹಮಾಲರು, ಶೀತಲಗೃಹಗಳು, ಪುಡಿಯ ಗಿರಣಿಗಳು, ಬಣ್ಣ ತೆಗೆಯುವ ಕಾರಖಾನೆಗಳು ಆ ಪೇಟೆಯನ್ನು ಹಿಡಿದು ಬದುಕಿವೆ.

ಇನ್ನು ಚಿಕ್ಕ ಊರುಗಳ ಮಾತು. 1931ರಲ್ಲಿ ರೈಲಿ ಎಂಬವರು, ಪಟ್ಟಣದ ಸೆಳೆತ ಜನಸಂಖ್ಯೆಯೊಡನೆ ಹೆಚ್ಚಿ, ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವದೆಂದರು. ಮೂವತ್ತು ಮೈಲಿಗಳ ಅಂತರದ ಎರಡು ಊರುಗಳಲ್ಲಿ ಒಂದು ನಾಲ್ಮಡಿ ದೊಡ್ಡದಾಗಿದ್ದರೆ, ಇಪ್ಪತ್ತು ಮೈಲಿಯವರೆಗಿನ ವ್ಯಾಪಾರ ಅದರದೇ. ಈ ಸೂತ್ರದಲ್ಲಿ ಮುದುಕರ ಕಾಲುಗಳಿಗೆ ಲೆಕ್ಕವಿಲ್ಲ. ಹರೆಯದವರು ಬಸ್ಸನ್ನೇರಿ ಪಟ್ಟಣಕ್ಕೆ ಹೋದ ಮೇಲೆ ಹಳ್ಳಿಯ ಅಂಗಡಿ ಮುಚ್ಚುವದು. ಹೋಗಲಾರದವರು ಕಡ್ಡಿಪೆಟ್ಟಿಗೆಗೂ ಪರರನ್ನು ಬೇಡಬೇಕಾಗುವದು.

ನಿತ್ಯದ ಅಂಗಡಿಯನ್ನು ಸಾಕಲಾರದ ಊರಿಗೆ ಹಿರಿಯರು ಕಂಡುಕೊಂಡ ಉಪಾಯವೇ ವಾರದ ಸಂತೆ. ಗಿರಾಕಿ ನಡೆಯುವ ಬದಲು ಅಂಗಡಿಯೇ ನಡೆದು ಬರುವದು: ಸೋಮವಾರ ಈ ಊರು, ಮಂಗಳವಾರ ಆ ಊರು. ಸಂತೆಯ ಬಯಲನ್ನು ಊರ ನಡುವಿನಿಂದ ಹೆದ್ದಾರಿಯ ಬದಿಗೆ ಸಾಗಿಸುವ ಯೋಚನೆ ಎಲ್ಲಿಯಾದರೂ ಬಂದರೆ, ಲಾರಿ ನಿಲ್ಲುವ ಅನುಕೂಲದೊಡನೆ ಕಡೆಯ ಓಣಿಯವರ ಹೆಜ್ಜೆಗಳನ್ನೂ ಪಂಚಾಯಿತಿಯವರು ಎಣಿಸಲಿ ಎಂದು ಬೇಡುತ್ತೇನೆ.