ಆ ಧ್ವನಿ ಯಾರದು?

(ಜಮಾಅತ್ ಸಭಾಂಗಣವೊಂದರಲ್ಲಿ ಏರ್ಪಡಿಸಲಾಗಿದ್ದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಕ್ಕಳ ಲಸಿಕೆಯ ಕುರಿತು ಮಾತನಾಡಲು ವೈದ್ಯರನ್ನು ಕರೆಯುವ ಬದಲು ಮದ್ರಸದಲ್ಲಿ ಓದಿದ ಓರ್ವ ಪತ್ರಕರ್ತನನ್ನು ಏಕೆ ಕರೆದಿರಿ ಎಂದು ಸಂಘಟಕರಲ್ಲಿ ನಾನು ವಿಚಾರಿಸಿದೆ. "ವೈದ್ಯರು ಬಂದು ಹೇಳಿ ಹೋದರು. ಜನರು ತಲೆಯಾಡಿಸಿದರು. ಆದರೆ ಮಕ್ಕಳನ್ನು ಕರೆತರಲಿಲ್ಲ" ಎಂಬ ಉತ್ತರ ದೊರೆಯಿತು. ಅಂದರೆ ಸಮಸ್ಯೆಯಿರುವುದು ಕೇವಲ ತಿಳುವಳಿಕೆಯಲ್ಲಲ್ಲ, ನಂಬಿಕೆಯಲ್ಲಿ. ಆದ್ದರಿಂದ ನಂಬಿಕೆಯ ಕುರಿತೇ ಮಾತನಾಡುತ್ತೇನೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾಯಿತು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಒಂದು ಚುಚ್ಚುಮದ್ದು. ಕರ್ನಾಟಕದ ಜೊತೆ ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ಅದು ಮೊದಲು ಜಾರಿಗೆ ಬಂತು. ಅದೇ ವಾರ ವಾಟ್ಸಾಪ್‌ನಲ್ಲಿ ಒಂದು ಧ್ವನಿ ಸಂದೇಶ ಹರಿದಾಡತೊಡಗಿತು. ಈ ಚುಚ್ಚುಮದ್ದು ನಮ್ಮ ಮಕ್ಕಳಿಗೆ ಮುಂದೆ ಸಂತಾನವಾಗದಂತೆ ಮಾಡುವ ಸಂಚು ಎಂಬುದು ಅದರ ತಿರುಳು. ಆಗ ನನ್ನ ಮಗಳಿಗೆ 10 ತಿಂಗಳು. "ಸ್ವಲ್ಪ ದಿನ ನೋಡೋಣ" ಎಂದು ನಾನು ಮನೆಯಲ್ಲಿ ಹೇಳಿದೆ. ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಯನ್ನು ಎರಡು ಬಾರಿ ಹಿಂದೆ ಕಳುಹಿಸಿದೆ. ಮಾತಿಗೆ ಕುಳಿತರೆ ನಾನು ವದಂತಿಯನ್ನು ನಂಬುವವನಲ್ಲ. ಆದರೆ ತೊಡೆಯ ಮೇಲೆ ಮಗುವಿದ್ದಾಗ ಆ ಧ್ವನಿ ಕಿವಿಯಲ್ಲಿ ಉಳಿದುಬಿಟ್ಟಿತ್ತು.

ಒಂದು ರಾತ್ರಿ ನನ್ನ ಪತ್ನಿ ಕೇಳಿದಳು: "ಆ ಧ್ವನಿ ಯಾರದು?"

ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಕಳಿಸಿದವನು ನನ್ನ ಗೆಳೆಯ. ಅವನಿಗೆ ಅವನ ಭಾವ. ಭಾವನಿಗೆ ಯಾವುದೋ ಗುಂಪು. ಅಲ್ಲಿಂದಾಚೆಗೆ ಕತ್ತಲೆ.

ಸಹೋದರರೇ, ಮದ್ರಸದಲ್ಲಿ ನಾನು ವರ್ಷಗಟ್ಟಲೆ ಕಲಿತದ್ದಾದರೂ ಏನು? ಹದೀಸನ್ನು ಕೇಳಿದೊಡನೆ ಅದರ ಸನದ್ ಯಾವುದು ಎಂದು ಕೇಳಬೇಕು. ಯಾರು ಯಾರಿಂದ ಕೇಳಿದರು, ಅವರಿಬ್ಬರು ಭೇಟಿಯಾಗಿದ್ದರೇ, ಆ ವರದಿಗಾರ ಸತ್ಯವಂತನೇ, ಅವನ ನೆನಪು ಸರಿಯಿತ್ತೇ? ಸರಪಳಿಯ ಒಂದು ಕೊಂಡಿ ಅಜ್ಞಾತವಾದರೂ ಆ ವರದಿ ದುರ್ಬಲವೆನಿಸುತ್ತದೆ. ಕೇವಲ ಈ ಪರಿಶೀಲನೆಗಾಗಿ ನಮ್ಮ ಪೂರ್ವಿಕರು ಸಾವಿರಾರು ವ್ಯಕ್ತಿಗಳ ಚರಿತ್ರೆಯನ್ನು ಬರೆದಿಟ್ಟರು. ನಂಬಲರ್ಹನಲ್ಲದವನು ಸುದ್ದಿ ತಂದರೆ ವಿಚಾರಿಸಿ ನೋಡಬೇಕು, ಇಲ್ಲವಾದರೆ ಅರಿವಿಲ್ಲದೆ ಇತರರಿಗೆ ಹಾನಿಯೆಸಗಿ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲಿದೆ. ಇಂತಹ ಪರಂಪರೆಯ ವಾರಸುದಾರರಾದ ನಾವು, ಹೆಸರಿಲ್ಲದ ಒಂದು ಧ್ವನಿಯ ಮಾತಿಗೆ ನಮ್ಮ ಕರುಳ ಕುಡಿಯ ಆರೋಗ್ಯವನ್ನು ಒಪ್ಪಿಸಿಬಿಡುತ್ತೇವೆ ಎಂದಾದರೆ ಅದನ್ನು ಏನೆನ್ನಬೇಕು?

ಹಾಗೆಂದು ಭಯಪಡುವ ಪೋಷಕರನ್ನು ಮೂಢರೆಂದು ಹಳಿಯಲು ನಾನು ಇಲ್ಲಿಗೆ ಬಂದಿಲ್ಲ. ಭಯಕ್ಕೆ ಒಂದು ಇತಿಹಾಸವಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದದ್ದು ಕಟ್ಟುಕಥೆಯಲ್ಲ. ದೆಹಲಿಯ ತುರ್ಕ್‌ಮಾನ್ ಗೇಟ್‌ನವರೂ ಮುಝಫ್ಫರ್‌ನಗರದವರೂ ಅದನ್ನು ಇಂದಿಗೂ ಮರೆತಿಲ್ಲ. ನೈಜೀರಿಯದ ಕಾನೋ ನಗರದಲ್ಲಿ 1996ರಲ್ಲಿ ಮೆದುಳು ಪೊರೆಯ ಉರಿಯೂತ ಹಬ್ಬಿದ್ದಾಗ, ಬಹುರಾಷ್ಟ್ರೀಯ ಔಷಧಿ ಕಂಪನಿಯೊಂದು ಸುಮಾರು 200 ಮಕ್ಕಳನ್ನು ಸೇರಿಸಿಕೊಂಡು ತನ್ನ ಹೊಸ ಔಷಧಿಯ ಪರೀಕ್ಷೆ ನಡೆಸಿತು. ಪೋಷಕರ ಸೂಕ್ತ ಒಪ್ಪಿಗೆ ಪಡೆಯಲಿಲ್ಲವೆಂಬ ಆರೋಪ ವರ್ಷಗಳ ಕಾಲ ನ್ಯಾಯಾಲಯಗಳಲ್ಲಿತ್ತು. 2011ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಉಸಾಮಾ ಬಿನ್ ಲಾದಿನ್‌ನ ಜಾಡು ಹಿಡಿಯಲು ಪಾಕಿಸ್ತಾನದ ಅಬ್ಬೊಟಾಬಾದ್‌ನಲ್ಲಿ ಲಸಿಕೆಯ ನಾಟಕವಾಡಿತು. ಇನ್ನು ಮುಂದೆ ಲಸಿಕಾ ಕಾರ್ಯಕ್ರಮಗಳನ್ನು ಬೇಹುಗಾರಿಕೆಗೆ ಬಳಸುವುದಿಲ್ಲವೆಂದು ಅಮೆರಿಕ ಸರಕಾರವೇ 2014ರಲ್ಲಿ ಹೇಳಬೇಕಾಯಿತು. ಅಷ್ಟರಲ್ಲಿ ಪೋಲಿಯೋ ಹನಿ ಹಾಕಲು ಹೊರಟಿದ್ದ ಎಷ್ಟೋ ಬಡ ಮುಸ್ಲಿಮ್ ಮಹಿಳೆಯರು ಗುಂಡಿಗೆ ಬಲಿಯಾಗಿದ್ದರು.

ನಮ್ಮ ನೆನಪಿಗೂ ಬರೋಣ. 2020ರಲ್ಲಿ ಪೌರತ್ವದ ಆತಂಕ ಮನೆಮನೆಯನ್ನೂ ಕಾಡುತ್ತಿತ್ತು. ಕೊರೋನಾ ಹರಡಿದ ಹೊಣೆಯನ್ನು ಟಿ.ವಿ. ವಾಹಿನಿಗಳು ಒಂದು ಸಮುದಾಯದ ತಲೆಗೆ ಕಟ್ಟುತ್ತಿದ್ದವು. ಆ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯ ಮೇಲೆ ನಮ್ಮವರೇ ಕೆಲವರು ಎರಗಿದರು. ಅದು ನಾಚಿಕೆಗೇಡಿನ ಕೃತ್ಯ, ಅದಕ್ಕೆ ಸಮರ್ಥನೆಯಿಲ್ಲ. ಆದರೆ ಹೆಸರು ಬರೆದುಕೊಳ್ಳಲು ಬಂದವರನ್ನು ಕಂಡರೆ ಎದೆ ನಡುಗುವಂತಹ ವಾತಾವರಣವನ್ನು ನಿರ್ಮಿಸಿದವರೂ ಉತ್ತರದಾಯಿಗಳೇ. ವಿಶ್ವಾಸವನ್ನು ಬೇಡುವ ಸರಕಾರ, ವಿಶ್ವಾಸಕ್ಕೆ ಅರ್ಹವಾಗಿ ನಡೆದುಕೊಳ್ಳಬೇಕಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಉದ್ಭವಿಸುತ್ತದೆ. ಭಯಕ್ಕೆ ಕಾರಣವಿದೆ ಎಂದ ಮಾತ್ರಕ್ಕೆ ಭಯ ಹೇಳಿದ್ದೆಲ್ಲ ನಿಜವಾಗುತ್ತದೆಯೇ? ಮತ್ತು ಆ ಭಯದ ಬೆಲೆಯನ್ನು ತೆರುವವರು ಯಾರು?

ಕಾನೋದಲ್ಲಿ 2003ರಲ್ಲಿ ಪೋಲಿಯೋ ಹನಿಯನ್ನು ಬಹಿಷ್ಕರಿಸಲಾಯಿತು. ಸುಮಾರು 11 ತಿಂಗಳ ನಂತರ, ಮುಸ್ಲಿಮ್ ರಾಷ್ಟ್ರವಾದ ಇಂಡೋನೇಶ್ಯದಿಂದ ಲಸಿಕೆ ತರಿಸಿದ ಮೇಲೆ ಅಲ್ಲಿನ ಆಡಳಿತ ಒಪ್ಪಿತು. ಅಷ್ಟರಲ್ಲಿ ವೈರಸ್ ಗಡಿ ದಾಟಿತ್ತು. 2005ರಲ್ಲಿ ಅದು ಅದೇ ಇಂಡೋನೇಶ್ಯವನ್ನು ತಲುಪಿ ಸುಮಾರು 300 ಮಕ್ಕಳನ್ನು ಅಂಗವಿಕಲರನ್ನಾಗಿಸಿತು. ಔಷಧಿ ಕಂಪನಿಗೂ ಗುಪ್ತಚರ ಸಂಸ್ಥೆಗೂ ಇದರಿಂದ ಒಂದು ಗೀರೂ ಬೀಳಲಿಲ್ಲ. ಬಿದ್ದದ್ದು ಮುಸ್ಲಿಮ್ ಮಕ್ಕಳ ಕಾಲು.

ನಮ್ಮ ದೇಶದಲ್ಲಿ 2002ರಲ್ಲಿ 1600 ಮಕ್ಕಳಿಗೆ ಪೋಲಿಯೋ ತಗಲಿತು. ಅವರಲ್ಲಿ 1242 ಮಕ್ಕಳು ಉತ್ತರ ಪ್ರದೇಶದವರು, ಮುಸ್ಲಿಮ್ ಮಕ್ಕಳ ಪಾಲು ಜನಸಂಖ್ಯೆಯ ಅನುಪಾತಕ್ಕಿಂತ ಬಹಳ ಹೆಚ್ಚು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2015 ಮತ್ತು 2016ರಲ್ಲಿ ಗಂಟಲಮಾರಿ ಮರಳಿ ಬಂದು ಮಕ್ಕಳನ್ನು ಕೊಂಡೊಯ್ದಿತು. ಮುಂಬೈಯ ಗೋವಂಡಿಯಲ್ಲಿ 2022ರ ಕೊನೆಯಲ್ಲಿ ದಡಾರಕ್ಕೆ ಪುಟ್ಟ ಮಕ್ಕಳು ಬಲಿಯಾದರು. ಹೆಚ್ಚಿನವರಿಗೆ ಲಸಿಕೆಯಾಗಿರಲಿಲ್ಲ.

ಇನ್ನು ಅಪಾಯವನ್ನು ತೂಗಿ ನೋಡೋಣ. ತಕ್ಕಡಿಯ ಎರಡು ತಟ್ಟೆಗಳನ್ನೂ ಪ್ರಾಮಾಣಿಕವಾಗಿ ತುಂಬಬೇಕು. ಲಸಿಕೆಯಿಂದ ಏನೂ ಆಗುವುದಿಲ್ಲ ಎಂದು ಹೇಳುವವರು ಸತ್ಯ ಹೇಳುತ್ತಿಲ್ಲ. ಜ್ವರ ಬರುತ್ತದೆ, ಚುಚ್ಚಿದ ಜಾಗ ಊದಿಕೊಳ್ಳುತ್ತದೆ, ಮಗು ಒಂದೆರಡು ರಾತ್ರಿ ಅಳುತ್ತದೆ. ಸುಮಾರು 10 ಲಕ್ಷ ಡೋಸ್‌ಗಳಲ್ಲಿ ಒಂದರಲ್ಲಿ ತೀವ್ರ ಅಲರ್ಜಿ ಉಂಟಾಗಬಹುದು. ಅದಕ್ಕಾಗಿಯೇ ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಅಲ್ಲೇ ಕುಳಿತಿರಲು ಹೇಳುತ್ತಾರೆ. ಪೋಲಿಯೋ ಹನಿಯಿಂದಲೇ ಹಲವು ಲಕ್ಷಕ್ಕೊಂದರಂತೆ ಪಾರ್ಶ್ವವಾಯು ಉಂಟಾಗುವುದಿದೆ. ಅದನ್ನು ಮರೆಮಾಚದೆ ಒಪ್ಪಿಕೊಂಡು, 2015ರ ನವೆಂಬರ್‌ನಿಂದ ನಮ್ಮ ದೇಶದಲ್ಲಿ ಹನಿಯ ಜೊತೆ ಪೋಲಿಯೋ ಚುಚ್ಚುಮದ್ದನ್ನೂ ಸೇರಿಸಲಾಯಿತು.

ಈಗ ಇನ್ನೊಂದು ತಟ್ಟೆ. ದಡಾರ ತಗಲಿದ ಸಾವಿರ ಮಕ್ಕಳಲ್ಲಿ, ಶ್ರೀಮಂತ ದೇಶಗಳಲ್ಲೇ, ಒಂದರಿಂದ ಮೂರು ಮಕ್ಕಳು ಸಾಯುತ್ತಾರೆ. ಅಪೌಷ್ಟಿಕತೆಯಿರುವಲ್ಲಿ ಆ ಸಂಖ್ಯೆ ಇನ್ನೂ ಹೆಚ್ಚು. ಗಂಟಲಮಾರಿಗೆ ಚಿಕಿತ್ಸೆ ದೊರೆತರೂ ಹತ್ತರಲ್ಲಿ ಒಬ್ಬರಂತೆ ಸಾವು ಸಂಭವಿಸುತ್ತದೆ. 10 ಲಕ್ಷಕ್ಕೆ ಒಂದು ಅಲರ್ಜಿ ಒಂದು ಕಡೆ, ಸಾವಿರಕ್ಕೆ ಒಂದೆರಡು ಮರಣ ಇನ್ನೊಂದು ಕಡೆ. ನಾವು ಮೊದಲನೆಯದಕ್ಕೆ ಹೆದರುತ್ತೇವೆ. ಏಕೆಂದರೆ ಅದು ನಮ್ಮ ಕೈಯಾರೆ ನಡೆಯುತ್ತದೆ, ಎರಡನೆಯದು ತಾನಾಗಿ ಬರುತ್ತದೆ. ಆದರೆ ತಡೆಯಬಹುದಾಗಿದ್ದುದನ್ನು ತಡೆಯದೆ ಇರುವುದೂ ಒಂದು ತೀರ್ಮಾನವೇ. "ಸ್ವಲ್ಪ ದಿನ ನೋಡೋಣ" ಎಂದ ಆ ದಿನಗಳಲ್ಲಿ ನಾನು ತೀರ್ಮಾನವನ್ನು ಮುಂದೂಡಿದ್ದೇನೆ ಎಂದೇ ಭಾವಿಸಿದ್ದೆ. ವಾಸ್ತವದಲ್ಲಿ ತೀರ್ಮಾನಿಸಿಯೇ ಬಿಟ್ಟಿದ್ದೆ.

ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಮಾತು ಈಗ ಸುಶಿಕ್ಷಿತ ಮನೆಗಳಲ್ಲೂ ಕೇಳಿಬರುತ್ತಿದೆ. ಅದರ ಸನದ್ ಹುಡುಕಿದರೆ 1998ರಲ್ಲಿ ಬ್ರಿಟನ್ನಿನ ವೈದ್ಯನೊಬ್ಬ ಕೇವಲ 12 ಮಕ್ಕಳ ಬಗ್ಗೆ ಬರೆದ ಲೇಖನಕ್ಕೆ ಹೋಗಿ ನಿಲ್ಲುತ್ತದೆ. ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಆ ವೈದ್ಯನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಲಕ್ಷಾಂತರ ಮಕ್ಕಳ ಮೇಲಿನ ನಂತರದ ಅಧ್ಯಯನಗಳಲ್ಲಿ ಆ ಸಂಬಂಧ ಕಂಡುಬರಲಿಲ್ಲ.

ಇನ್ನು ಧಾರ್ಮಿಕ ಆಕ್ಷೇಪಗಳು. "ಅಲ್ಲಾಹನ ಮೇಲೆ ಭರವಸೆಯಿಟ್ಟವನಿಗೆ ಸೂಜಿಯೇಕೆ?" ಎನ್ನುವವರಿದ್ದಾರೆ. ಒಂಟೆಯನ್ನು ಕಟ್ಟದೆ ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟು, ನಂತರ ಭರವಸೆಯಿಡು ಎಂಬ ಅರ್ಥದಲ್ಲಿ ಪ್ರವಾದಿ(ಸ)ರು ಉತ್ತರಿಸಿದ್ದರು. ಸಿರಿಯದಲ್ಲಿ ಸಾಂಕ್ರಾಮಿಕ ಹರಡಿದಾಗ ಖಲೀಫ ಉಮರ್(ರ) ದಾರಿಯಿಂದಲೇ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡುತ್ತಿರುವಿರಾ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದಾಗ, ಅವನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬುದು ಅವರ ನಿಲುವಾಗಿತ್ತು. ಸ್ವತಃ ಅಬೂ ಉಬೈದಾ(ರ) ಆ ರೋಗದಲ್ಲೇ ನಿಧನರಾದರು. ಅವರ ಸ್ಥಾನ ಕುಂದಲಿಲ್ಲ. ಆದರೆ ಸಮೂಹದ ಹೊಣೆ ಹೊತ್ತ ಉಮರ್(ರ) ಆರಿಸಿದ್ದು ಮುನ್ನೆಚ್ಚರಿಕೆಯ ದಾರಿ. ಮಗುವಿನ ಹೊಣೆ ಹೊತ್ತ ತಂದೆಯ ದಾರಿಯೂ ಅದುವೇ.

"ಲಸಿಕೆಯಲ್ಲಿ ಹರಾಮ್ ಅಂಶವಿದೆ" ಎಂಬ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಲಾಗದು. 2018ರಲ್ಲಿ ಇಂಡೋನೇಶ್ಯದ ಉಲಮಾ ಮಂಡಳಿ ನಮ್ಮ ಪುಣೆಯಲ್ಲಿ ತಯಾರಾದ ದಡಾರ-ರುಬೆಲ್ಲಾ ಲಸಿಕೆಯನ್ನು ಪರಿಶೀಲಿಸಿತು. ತಯಾರಿಕೆಯಲ್ಲಿ ಹಂದಿಮೂಲದ ಅಂಶ ಬಳಕೆಯಾಗಿದೆಯೆಂದು ಮುಚ್ಚುಮರೆಯಿಲ್ಲದೆ ಹೇಳಿತು. ಪರ್ಯಾಯ ಲಭ್ಯವಿಲ್ಲದಿರುವುದರಿಂದಲೂ ಲಸಿಕೆ ಕೊಡದಿದ್ದರೆ ಜೀವಹಾನಿಯ ಸಂಭವವಿರುವುದರಿಂದಲೂ ಅನಿವಾರ್ಯತೆಯ ನಿಯಮದಂತೆ ಅದನ್ನು ಅನುಮತಿಸಿತು. ಜನರು ಆ ಫತ್ವಾದ ಮೊದಲರ್ಧವನ್ನು ಮಾತ್ರ ಹಂಚಿಕೊಂಡರು. ದ್ವಿತೀಯಾರ್ಧವೂ ಫತ್ವಾವೇ ತಾನೇ?

ಇನ್ನೊಂದು ವಿಷಯ. ಹಜ್ಜ್‌ಗೆ ಹೊರಡುವವರು ಮೆದುಳು ಪೊರೆಯ ಉರಿಯೂತದ ಲಸಿಕೆ ಪಡೆಯದೆ ವಿಮಾನ ಹತ್ತುವಂತಿಲ್ಲ. ಅಜ್ಜ ಸಂತೋಷದಿಂದ ತೋಳು ಚಾಚುತ್ತಾರೆ, ಅದರಲ್ಲೇನಿದೆ ಎಂದು ಯಾರೂ ಕೇಳುವುದಿಲ್ಲ. ಅದೇ ಮನೆಯ ಮೊಮ್ಮಗುವಿಗೆ ಮಾತ್ರ ಸಂಶಯದ ರಕ್ಷೆ!

"ಊರಿನ ಎಲ್ಲ ಮಕ್ಕಳಿಗೂ ಆಗಿದೆಯಲ್ಲ, ನನ್ನ ಮಗುವಿಗೆ ಇಲ್ಲದಿದ್ದರೇನು?" ಎನ್ನುವ ಜಾಣರಿಗೂ ಒಂದು ಮಾತು. ದಡಾರವನ್ನು ತಡೆಯಲು ನೂರರಲ್ಲಿ 95 ಮಂದಿಯಾದರೂ ರಕ್ಷಣೆ ಪಡೆದಿರಬೇಕು. ಉಳಿದ ಐದು ಸ್ಥಾನಗಳು ಯಾರಿಗೆ ಸೇರಿದವು? 9 ತಿಂಗಳು ತುಂಬದ ಕೂಸಿಗೆ, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ ಬಾಲಕನಿಗೆ. ಆರೋಗ್ಯವಂತ ಮಗುವಿನ ತಂದೆ ಅಲ್ಲಿ ಹೋಗಿ ಕುಳಿತರೆ ಅದು ಅಶಕ್ತರ ಹಕ್ಕಿನ ಅತಿಕ್ರಮಣವಾಗುತ್ತದೆ.

ಹಾಗಾದರೆ ಕಳೆದುಹೋದ ನಂಬಿಕೆಯನ್ನು ಮರಳಿ ಗಳಿಸುವುದು ಸಾಧ್ಯವೇ? ಸಾಧ್ಯವೆಂದು ಉತ್ತರ ಪ್ರದೇಶ ತೋರಿಸಿಕೊಟ್ಟಿತು. "ಚರಂಡಿಯಿಲ್ಲ, ಆಸ್ಪತ್ರೆಯಿಲ್ಲ, ಈ ಎರಡು ಹನಿಗೆ ಮಾತ್ರ ಇಷ್ಟೇಕೆ ಆತುರ?" ಎಂದು ಅಲ್ಲಿನ ತಾಯಂದಿರು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ಗದರಿಸಿದಾಗ ಬಾಗಿಲುಗಳು ಮುಚ್ಚಿದವು. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಮತ್ತು ಜಾಮಿಯಾ ಹಮ್‌ದರ್ದ್‌ನವರು ಜೊತೆಗೂಡಿದಾಗ, ಮಸೀದಿಯ ಮೈಕ್‌ನಿಂದ ಇಮಾಮರೇ ಕರೆ ಕೊಟ್ಟಾಗ, ಅದೇ ಮೊಹಲ್ಲಾದ ಹೆಣ್ಣುಮಕ್ಕಳು ಬಾಗಿಲು ತಟ್ಟಿದಾಗ ಅವು ತೆರೆದವು. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು. 2010ರಲ್ಲಿ 42. 2011ರಲ್ಲಿ ಒಂದೇ ಒಂದು. ಆ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ರೋಗ ತಗಲಿದ ಹೆಣ್ಣುಮಗುವೇ ಕೊನೆಯದು. 2014ರ ಮಾರ್ಚ್ 27ರಂದು ಭಾರತವನ್ನು ಪೋಲಿಯೋ ಮುಕ್ತವೆಂದು ಘೋಷಿಸಲಾಯಿತು. ಸಂತಾನಹರಣದ ಹನಿಯೆಂದು ಹೇಳಲಾಗಿದ್ದ ಆ ಹನಿಗಳನ್ನು ಕುಡಿದ ಮಕ್ಕಳು ಈಗ ತಾವೇ ತಂದೆತಾಯಿಗಳಾಗಿದ್ದಾರೆ. ವದಂತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ?

ಆದ್ದರಿಂದ ಜಮಾಅತ್ ಕಮಿಟಿಯ ಸಹೋದರರಲ್ಲಿ ನನ್ನ ವಿನಂತಿ: ವರ್ಷಕ್ಕೊಮ್ಮೆಯಾದರೂ ಖುತುಬಾದಲ್ಲಿ ಈ ವಿಷಯ ಬರಲಿ. ಮದ್ರಸದ ಕೋಣೆಯನ್ನು ಲಸಿಕೆಯ ದಿನ ದಾದಿಯರಿಗೆ ಬಿಟ್ಟುಕೊಡಿ. ವೈದ್ಯರಲ್ಲಿ ಮತ್ತು ಅಧಿಕಾರಿಗಳಲ್ಲಿ ವಿನಂತಿ: ತಾಯಿ ಪ್ರಶ್ನೆ ಕೇಳಿದರೆ ಸಿಡುಕಬೇಡಿ. ಪ್ರಶ್ನೆ ಕೇಳುವವಳು ಇನ್ನೂ ನಿಮ್ಮನ್ನು ನಂಬಲು ಸಿದ್ಧಳಿದ್ದಾಳೆ. ತಂದೆಯಂದಿರಲ್ಲಿ ವಿನಂತಿ: ಜ್ವರ ಬಂದ ರಾತ್ರಿ ಎಚ್ಚರವಿರುವವಳು ಅವಳು, "ಬೇಡ" ಎನ್ನುವ ಅಧಿಕಾರ ಮಾತ್ರ ನಿಮ್ಮದೇ? ಅವಳನ್ನೂ ಕೇಳಿ. ತಪ್ಪಿಹೋದ ಡೋಸ್‌ಗಳಲ್ಲಿ ಹೆಚ್ಚಿನವನ್ನು ತಡವಾಗಿಯಾದರೂ ಕೊಡಿಸಬಹುದು. ತಾಯಿ ಕಾರ್ಡ್ ಹಿಡಿದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಹಣ ಕೊಡಬೇಕಾಗಿಲ್ಲ. ಮಗುವಿಗೆ ಹಿಂದೆ ಅಲರ್ಜಿಯಾಗಿದ್ದರೆ, ಅಂದು ತೀವ್ರ ಜ್ವರವಿದ್ದರೆ ಮೊದಲೇ ತಿಳಿಸಿ.

ನನ್ನ ಮಗಳಿಗೆ ಐದು ವಾರ ತಡವಾಗಿ ಲಸಿಕೆಯಾಯಿತು. ನಾನೇ ಕರೆದೊಯ್ದೆ. ಎರಡು ಬಾರಿ ನಾನು ಹಿಂದೆ ಕಳುಹಿಸಿದ್ದ ಆ ಆಶಾ ಕಾರ್ಯಕರ್ತೆಯೇ ಅಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ನನ್ನನ್ನು ಗುರುತಿಸಿದರು, ಏನೂ ಹೇಳಲಿಲ್ಲ, ಮಗುವಿನ ಕೆನ್ನೆ ಸವರಿದರು. ಆ ಐದು ವಾರಗಳಲ್ಲಿ ನಮ್ಮ ಬೀದಿಗೆ ದಡಾರ ಬರಲಿಲ್ಲ. ಅದು ಅಲ್ಲಾಹನ ಕೃಪೆಯೇ ಹೊರತು ನನ್ನ ವಿವೇಕವಲ್ಲ. ಗೋವಂಡಿಯ ತಂದೆಯಂದಿರು ನನಗಿಂತ ಕಡಿಮೆ ಪ್ರೀತಿಯವರಾಗಿರಲಿಲ್ಲ.

ಮಕ್ಕಳು ನಮ್ಮ ಸೊತ್ತಲ್ಲ, ಅವರು ಅಮಾನತ್. ಆ ಅಮಾನತ್ತಿನ ಕುರಿತು ನಾಳೆ ಪ್ರಶ್ನಿಸಲಾಗುವಾಗ, ಯಾರದೆಂದು ತಿಳಿಯದ ಒಂದು ಧ್ವನಿಯನ್ನು ನಂಬಿದೆ ಎಂದು ಉತ್ತರಿಸುವ ಸ್ಥಿತಿ ನಮ್ಮಲ್ಲಿ ಯಾರಿಗೂ ಬಾರದಿರಲಿ. ಸತ್ಯವನ್ನು ಸತ್ಯವಾಗಿ ಕಾಣುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ, ನಮ್ಮೆಲ್ಲರ ಮಕ್ಕಳಿಗೆ ಆಯುರಾರೋಗ್ಯವನ್ನು ದಯಪಾಲಿಸಲಿ. ಆಮೀನ್.