ಆಟದ ಅಂಗಳದಲ್ಲಿ ಜನಾಂಗಗಳ ಪರಿಚಯ

(ಕೊಲ್ಲಿ ರಾಷ್ಟ್ರವೊಂದರಲ್ಲಿ ಅನಿವಾಸಿ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಫುಟ್ಬಾಲಿನಂತಹ ವಿಷಯವನ್ನು ಇಂತಹ ಸಭೆಯಲ್ಲಿ ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಊರಿನಲ್ಲಿ ಆಟ ನೋಡುವುದಕ್ಕೂ ಪರದೇಶದಲ್ಲಿ ಆಟ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಊರಿನಲ್ಲಿ ಪಕ್ಕದಲ್ಲಿ ಕುಳಿತವರೂ ನಮ್ಮವರೇ. ಇಲ್ಲಿ ಒಂದೇ ಹೋಟೆಲಿನ ಒಂದೇ ಟಿ.ವಿ.ಯ ಮುಂದೆ ಈಜಿಪ್ಟಿನವರು, ಸುಡಾನಿನವರು, ನೇಪಾಳಿಗಳು, ಮಲಯಾಳಿಗಳು, ಬ್ಯಾರಿಗಳು ಒಟ್ಟಾಗಿ ಕುಳಿತಿರುತ್ತಾರೆ. ಒಂದು ಜನಾಂಗವು ಗೆಲುವನ್ನು ಹೇಗೆ ಸ್ವೀಕರಿಸುತ್ತದೆ, ಸೋಲನ್ನು ಹೇಗೆ ಸಹಿಸುತ್ತದೆ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ಅನಿವಾಸಿಗಳಾದ ನಮಗೆ ಸಿಕ್ಕಿದೆ.

2022ರ ನವೆಂಬರ್ 20ರಂದು ಕತಾರ್‌ನ ಅಲ್ ಬೈತ್ ಕ್ರೀಡಾಂಗಣದಲ್ಲಿ ವಿಶ್ವಕಪ್ ಉದ್ಘಾಟನೆಯಾದಾಗ, ಗಾನಿಮ್ ಅಲ್ ಮುಫ್ತಾಹ್ ಎಂಬ ಯುವಕ ಸೂರಃ ಅಲ್ ಹುಜುರಾತ್‌ನ 13ನೇ ಸೂಕ್ತವನ್ನು ಪಠಿಸಿದರು. ಮಾನವರು ಜನಾಂಗಗಳಾಗಿ, ಗೋತ್ರಗಳಾಗಿ ವಿಂಗಡಿಸಲ್ಪಟ್ಟಿರುವುದು ಪರಸ್ಪರ ಪರಿಚಯಕ್ಕಾಗಿಯೇ ಹೊರತು ಮೇಲರಿಮೆಗಾಗಿ ಅಲ್ಲ ಎಂಬುದು ಅದರ ಆಶಯ. ಆ ಮಾತನ್ನು ಒರೆಗಲ್ಲಾಗಿಟ್ಟುಕೊಂಡು ಆ ಪಂದ್ಯಾವಳಿಯನ್ನು ಅವಲೋಕಿಸೋಣ.

ಎರಡು ದಿನಗಳ ಬಳಿಕ ಸೌದಿ ಅರೇಬಿಯಾ ತಂಡ ಅರ್ಜೆಂಟೀನಾವನ್ನು 2-1 ಗೋಲುಗಳಿಂದ ಸೋಲಿಸಿತು. ಮರುದಿನ ಸೌದಿಯಲ್ಲಿ ಸಾರ್ವತ್ರಿಕ ರಜೆ. ಸಂತೋಷ ಸಹಜವೇ. ಆದರೆ ಆ ತಂಡ ಮುಂದಿನ ಎರಡೂ ಪಂದ್ಯಗಳನ್ನು ಸೋತು ಮರಳಿತು. ಸೋತ ಅರ್ಜೆಂಟೀನಾ ತಪ್ಪುಗಳನ್ನು ತಿದ್ದಿಕೊಂಡು ಕೊನೆಗೆ ಕಪ್ ಎತ್ತಿತು. ಒಂದು ಗೆಲುವನ್ನೇ ಗುರಿಯೆಂದು ಭಾವಿಸಿ ವಿಶ್ರಮಿಸುವ ಅಭ್ಯಾಸ ನಮ್ಮ ಸಮುದಾಯಕ್ಕೆ ಹೊಸದೇನಲ್ಲ. ಒಂದು ಸಮಾವೇಶ ಯಶಸ್ವಿಯಾದರೆ ವರ್ಷವಿಡೀ ಅದರ ಫೋಟೋ ನೋಡುತ್ತಾ ಕುಳಿತುಕೊಳ್ಳುವವರು ನಾವು.

ಜಪಾನೀಯರನ್ನು ನೋಡಿ. ಕತಾರ್ ಮತ್ತು ಈಕ್ವೆಡಾರ್ ನಡುವಿನ ಉದ್ಘಾಟನಾ ಪಂದ್ಯ ಅವರದ್ದಾಗಿರಲಿಲ್ಲ. ಆದರೂ ಆಟ ಮುಗಿದ ಮೇಲೆ ಜಪಾನಿನ ಕೆಲವು ಪ್ರೇಕ್ಷಕರು ಚೀಲ ಹಿಡಿದು ಗ್ಯಾಲರಿಯ ಕಸ ಹೆಕ್ಕಿದರು. ಜರ್ಮನಿಯನ್ನು ಸೋಲಿಸಿದ ದಿನ ಅವರ ಆಟಗಾರರು ಉಡುಪು ಕೋಣೆಯನ್ನು ಗುಡಿಸಿ, ಜಪಾನಿ ಮತ್ತು ಅರಬಿ ಭಾಷೆಗಳಲ್ಲಿ ಧನ್ಯವಾದ ಬರೆದಿಟ್ಟು ಹೋದರು. ಕ್ರೊಯೇಷಿಯಾದ ಎದುರು ಪೆನಾಲ್ಟಿಯಲ್ಲಿ ಸೋತು ಹೊರಬಿದ್ದ ದಿನವೂ ಪ್ರೇಕ್ಷಕರು ಕಸ ಹೆಕ್ಕುವುದನ್ನು ಬಿಡಲಿಲ್ಲ. ಅಲ್ಲಿನ ಶಾಲೆಗಳಲ್ಲಿ ಮಕ್ಕಳೇ ತಮ್ಮ ತರಗತಿಯನ್ನು ಶುಚಿಗೊಳಿಸುತ್ತಾರೆ. ಶುಚಿತ್ವ ಸತ್ಯವಿಶ್ವಾಸದ ಭಾಗವೆಂದು ಮದ್ರಸದ ಒಂದನೇ ತರಗತಿಯಲ್ಲೇ ಕಲಿತವರು ನಾವು. ನಮ್ಮ ಮದುವೆ ಹಾಲ್‌ಗಳು, ಮೆರವಣಿಗೆ ಸಾಗಿದ ರಸ್ತೆಗಳು ಮರುದಿನ ಬೆಳಿಗ್ಗೆ ಹೇಗಿರುತ್ತವೆ? ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲೇ ಹೇಳಿಕೊಂಡರೆ ಸಾಕು.

ಇನ್ನು ಮೊರೊಕ್ಕೊ. ಸ್ಪೇನ್, ಪೋರ್ಚುಗಲ್‌ಗಳನ್ನು ಮಣಿಸಿ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ, ಮೊದಲ ಅರಬ್ ತಂಡ. ಅದರ 26 ಆಟಗಾರರಲ್ಲಿ 14 ಮಂದಿ ಹುಟ್ಟಿದ್ದು ಮೊರೊಕ್ಕೊದ ಹೊರಗೆ. ಅವರೆಲ್ಲ ವಲಸಿಗರ ಮಕ್ಕಳು. ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಅಶ್ರಫ್ ಹಕೀಮಿಯ ತಾಯಿ ಪರರ ಮನೆಗಳನ್ನು ಶುಚಿಗೊಳಿಸಿ ಮಗನನ್ನು ಸಾಕಿದವರು. ಬೆಲ್ಜಿಯಂ ಎದುರು ಗೆದ್ದ ದಿನ ಆ ಮಗ ಮೊದಲು ಹುಡುಕಿಕೊಂಡು ಹೋದದ್ದು ಗ್ಯಾಲರಿಯಲ್ಲಿದ್ದ ತಾಯಿಯನ್ನು. ಮನೆಯವರನ್ನು ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ನೋಡುವ ನಮ್ಮ ಸಹೋದರರಿಗೆ ಆ ದೃಶ್ಯದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಆದರೆ ವಲಸಿಗರ ಮಕ್ಕಳಿಗೆ ಇನ್ನೊಂದು ಅನುಭವವೂ ಇದೆ. 2014ರಲ್ಲಿ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ ತುರ್ಕಿ ಮೂಲದ ಮೆಸುತ್ ಓಝಿಲ್, 2018ರಲ್ಲಿ ಜರ್ಮನಿ ಸೋತು ಮರಳಿದಾಗ ತಂಡವನ್ನೇ ತೊರೆದರು. ಗೆದ್ದರೆ ತಾನು ಜರ್ಮನ್, ಸೋತರೆ ವಲಸಿಗ ಎಂಬುದು ಅವರ ನೋವಾಗಿತ್ತು. 2021ರ ಜುಲೈಯಲ್ಲಿ ಯುರೋ ಫೈನಲ್‌ನಲ್ಲಿ ಪೆನಾಲ್ಟಿ ಕಳೆದುಕೊಂಡ ಇಂಗ್ಲೆಂಡಿನ ರಾಷ್‌ಫೋರ್ಡ್, ಸ್ಯಾಂಚೊ, ಸಾಕಾ ಎಂಬ ಮೂವರು ಕಪ್ಪು ವರ್ಣೀಯ ಆಟಗಾರರ ಮೇಲೆ ಜನಾಂಗೀಯ ನಿಂದನೆಯ ಮಳೆಯೇ ಸುರಿಯಿತು. ಆದರೆ ಅದೇ ದೇಶದ ಸಾಮಾನ್ಯ ಜನರು ಮ್ಯಾಂಚೆಸ್ಟರ್‌ನಲ್ಲಿ ವಿರೂಪಗೊಂಡ ರಾಷ್‌ಫೋರ್ಡ್‌ರ ಗೋಡೆಚಿತ್ರವನ್ನು ಪ್ರೀತಿಯ ಬರಹಗಳಿಂದ ಮುಚ್ಚಿದರು. ಒಂದೇ ದೇಶದ ಎರಡು ಮುಖಗಳಿವು.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 2021ರ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ಭಾರತ ಕ್ರಿಕೆಟ್ ತಂಡ ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಿತು. ಸೋತವರು ಹನ್ನೊಂದು ಮಂದಿ. ನಿಷ್ಠೆಯ ಪರೀಕ್ಷೆಗೆ ಗುರಿಯಾದವರು ಮುಹಮ್ಮದ್ ಶಮಿ. ಆಗ ನಾಯಕ ವಿರಾಟ್ ಕೊಹ್ಲಿ ಧರ್ಮದ ಹೆಸರಲ್ಲಿ ದಾಳಿ ಮಾಡಿದವರನ್ನು ಬಹಿರಂಗವಾಗಿ ಖಂಡಿಸಿ ಸಹ ಆಟಗಾರನ ಬೆನ್ನಿಗೆ ನಿಂತರು. ನ್ಯಾಯಪ್ರಜ್ಞೆಯಿರುವವರು ಎಲ್ಲ ಕಡೆಯೂ ಇದ್ದಾರೆ ಎಂಬುದನ್ನು ನಮ್ಮ ಯುವಕರು ಮರೆಯಬಾರದು. ಒಂದು ರಾಷ್ಟ್ರದ ಸಂಸ್ಕಾರವನ್ನು ಗೆದ್ದವನಿಗೆ ಹಾಕಿದ ಹಾರದಿಂದ ಅಳೆಯಲಾಗದು, ಎಡವಿದವನನ್ನು ಅದು ಹೇಗೆ ಕಂಡಿತೆಂಬುದೇ ಅಳತೆಗೋಲು.

ಕತಾರ್‌ನಲ್ಲಿ ನಮ್ಮವರ ಮೇಲೂ ಒಂದು ಆರೋಪ ಬಂತು. ಇಂಗ್ಲೆಂಡ್, ಅರ್ಜೆಂಟೀನಾ, ಬ್ರೆಝಿಲ್‌ಗಳ ಅಂಗಿ ತೊಟ್ಟು ದೋಹಾದ ಬೀದಿಗಳಲ್ಲಿ ಡೋಲು ಬಾರಿಸಿದ ಭಾರತೀಯರು, ಮುಖ್ಯವಾಗಿ ಮಲಯಾಳಿಗಳು, ಹಣ ಪಡೆದ ನಕಲಿ ಅಭಿಮಾನಿಗಳೆಂದು ಪಾಶ್ಚಾತ್ಯರಲ್ಲಿ ಕೆಲವರು ಹಂಗಿಸಿದರು. ದಶಕಗಳಿಂದ ಓಣಿ ಓಣಿಗಳಲ್ಲಿ ಅರ್ಜೆಂಟೀನಾ, ಬ್ರೆಝಿಲ್‌ಗಳ ಧ್ವಜ ಕಟ್ಟುತ್ತಾ ಬಂದಿರುವ ಕೇರಳವನ್ನು ಅರಿಯದವರ ಮಾತದು. ಕಂದು ಚರ್ಮದವನು ಕ್ರೀಡಾಂಗಣ ಕಟ್ಟಬಹುದು, ಗ್ಯಾಲರಿಯಲ್ಲಿ ಕುಳಿತು ಸಂತೋಷಪಡಬಾರದೇ?

ಸಹೋದರರೇ, ಇಲ್ಲಿಯೇ ನಮ್ಮ ಪರೀಕ್ಷೆಯೂ ಇದೆ. ಪಾಶ್ಚಾತ್ಯ ಮಾಧ್ಯಮಗಳ ಇಬ್ಬಂದಿ ನೀತಿಯನ್ನು ಖಂಡಿಸಲು ನಾವು ತಡಮಾಡಲಿಲ್ಲ. ಆದರೆ ಕಟ್ಟಡದ ಕೆಲಸದಲ್ಲಿ ಬಿಸಿಲಿಗೆ ಬೆಂದವರ, ತಿಂಗಳುಗಟ್ಟಲೆ ಸಂಬಳ ಬಾಕಿಯಾದವರ, ಏಜೆಂಟರಿಗೆ ಸಾಲ ಮಾಡಿ ಹಣ ತೆತ್ತು ಬಂದವರ ದುಃಖ ಪಾಶ್ಚಾತ್ಯರು ಹುಟ್ಟಿಸಿದ ಸುಳ್ಳೇ? ಕತಾರ್ 2020ರಲ್ಲಿ ಉದ್ಯೋಗ ಬದಲಿಸಲು ಮಾಲಕರ ಅನುಮತಿ ಬೇಕೆಂಬ ನಿಯಮವನ್ನು ಕೈಬಿಟ್ಟಿತು. 2021ರ ಮಾರ್ಚ್‌ನಿಂದ ಎಲ್ಲ ದೇಶಗಳ ಕಾರ್ಮಿಕರಿಗೂ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಮೂಲ ವೇತನವನ್ನು ಜಾರಿಗೆ ತಂದಿತು. ಶ್ಲಾಘನೀಯವೇ. ಆದರೆ ಪ್ರಶ್ನೆ ಎದ್ದದ್ದರಿಂದಲೇ ಸುಧಾರಣೆ ಬಂತು. ಪ್ರಶ್ನಿಸಿದವರ ಸಾಲಿನಲ್ಲಿ ನಾವೆಷ್ಟು ಮಂದಿ ಇದ್ದೆವು?

ಅಸಬಿಯ್ಯತ್ ಎಂದರೇನೆಂದು ಕೇಳಿದಾಗ, ಸ್ವಂತ ಜನರಿಗೆ ಅನ್ಯಾಯದಲ್ಲಿ ನೆರವಾಗುವುದೇ ಅದು ಎಂಬರ್ಥದಲ್ಲಿ ಪ್ರವಾದಿ(ಸ)ರು ಉತ್ತರಿಸಿದ್ದರು. ಸ್ವಂತ ನಾಡನ್ನು, ಜನರನ್ನು ಪ್ರೀತಿಸುವುದು ತಪ್ಪಲ್ಲ. ಆತಿಥೇಯ ಮುಸ್ಲಿಮ್ ರಾಷ್ಟ್ರವೆಂಬ ಒಂದೇ ಕಾರಣಕ್ಕೆ ಕಾರ್ಮಿಕನ ಹಕ್ಕಿನ ಬಗ್ಗೆ ಮೌನ ತಾಳುವುದು ಮಾತ್ರ ಪ್ರೀತಿಯಲ್ಲ, ಪಕ್ಷಪಾತ.

2034ರ ವಿಶ್ವಕಪ್‌ನ ಆತಿಥ್ಯವನ್ನು ಫಿಫಾ 2024ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾಕ್ಕೆ ವಹಿಸಿದೆ. ಅಲ್ಲಿನ ಕ್ರೀಡಾಂಗಣಗಳಿಗೂ ನಮ್ಮ ಉಪಖಂಡದ ಮಕ್ಕಳೇ ಇಟ್ಟಿಗೆ ಹೊರಲಿದ್ದಾರೆ. ಕಾರ್ಮಿಕನ ಬೆವರಾರುವ ಮೊದಲೇ ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿ(ಸ)ರ ನಾಡದು. ಆದ್ದರಿಂದ ಅನಿವಾಸಿ ಸಂಘಟನೆಗಳು ಸನ್ಮಾನ, ಇಫ್ತಾರ್ ಕೂಟಗಳ ಜೊತೆಗೆ ಇನ್ನೊಂದು ಕೆಲಸವನ್ನೂ ಕೈಗೆತ್ತಿಕೊಳ್ಳಲಿ. ಲೇಬರ್ ಕ್ಯಾಂಪುಗಳಿಗೆ ಹೋಗಲಿ. ಕರಾರು ಪತ್ರ ಓದಲು ಬಾರದವನಿಗೆ ಓದಿ ಹೇಳಲಿ. ಸಂಬಳ ಬಾಕಿಯಾದವನ ಜೊತೆ ಕಾರ್ಮಿಕ ಕಚೇರಿಗೆ, ರಾಯಭಾರ ಕಚೇರಿಗೆ ನಡೆಯಲಿ. ಅವನು ಯಾವ ಧರ್ಮದವನು, ಯಾವ ಭಾಷೆಯವನು ಎಂದು ಕೇಳದಿರಲಿ. ಪರಸ್ಪರ ಪರಿಚಯವೆಂದು ಕುರ್‌ಆನ್ ಹೇಳಿದ್ದು ಇದನ್ನೇ ಎಂದು ನಾವು ನಂಬುತ್ತೇವೆ.

ಅಲ್ಲಾಹನು ನಮಗೆ ನ್ಯಾಯದ ಪರ ನಿಲ್ಲುವ ಸಾಮರ್ಥ್ಯವನ್ನು ಅನುಗ್ರಹಿಸಲಿ.